ಕಣ್ಣಿಲ್ಲದ ಗೆಡ್ಡೆ

ಅಗ್ನಿಶಿಖೆಯನ್ನು ಬೆಳೆಸುವವರಿಗೆ ತಾಳ್ಮೆ ಬೇಕು, ಜೊತೆಗೆ ಒಂದಿಷ್ಟು ಹುಚ್ಚೂ ಬೇಕು. ಕಾಡಿನ ಅಂಚಿನಲ್ಲಿ ಯಾರ ಹಂಗೂ ಇಲ್ಲದೆ ಹಬ್ಬುವ ಬಳ್ಳಿ ಅದು. ಅದನ್ನೇ ತಂದು ಸಾಕಲು ಹೊರಟರೆ ನಖರೆ ನೂರೆಂಟು. ಬುಡ ನೆರಳಲ್ಲಿರಬೇಕು, ತಲೆ ಬಿಸಿಲಲ್ಲಿರಬೇಕು. ಮಣ್ಣು ತರಗೆಲೆ ಕೊಳೆತ ಸಡಿಲ ಮಣ್ಣಾಗಿರಬೇಕು, ಸುರಿದ ನೀರು ನಿಲ್ಲದೆ ಇಳಿದುಹೋಗಬೇಕು. ಪಕ್ಕದಲ್ಲಿ ತೆಳ್ಳನೆಯ ಕಡ್ಡಿಗಳ ಪೊದೆ ಇರಬೇಕು, ಯಾಕೆಂದರೆ ಅದು ಮೈ ಸುತ್ತಿ ಹತ್ತುವ ಬಳ್ಳಿಯಲ್ಲ, ಎಲೆಯ ತುದಿಯನ್ನೇ ಸುರುಳಿ ಮಾಡಿ ಹಿಡಿದುಕೊಳ್ಳುತ್ತದೆ. ಹೂ ಮುಗಿದ ಮೇಲೆ ಮೇಲಿನದೆಲ್ಲ ಒಣಗಿ ನೆಲದೊಳಗೆ ಗೆಡ್ಡೆ ಮಾತ್ರ ನಿದ್ದೆ ಹೋಗುತ್ತದೆ. ಆ ನಿದ್ದೆಯಲ್ಲಿ ತೇವ ತಾಗಿತೋ, ಕೊಳೆತೇ ಹೋಯಿತು. ಹೊಸ ಸೊಸೆಗೂ ಇಷ್ಟು ನಖರೆ ಇರಲಾರದು.

ಹೂವು ಬೆಂಕಿಯ ನಾಲಿಗೆಯ ಹಾಗಿರುತ್ತದೆ, ನೋಡಿದವರು ನಿಂತು ನೋಡುತ್ತಾರೆ. ಗೆಡ್ಡೆ ಮಾತ್ರ ವಿಷ. ಬೇಯಿಸಿದರೂ ಹೋಗದ ವಿಷ. ತಿಂದವರು ಮೊದಲ ಕೆಲವು ಗಂಟೆ ನಗುನಗುತ್ತಾ ಓಡಾಡಿಕೊಂಡಿರುತ್ತಾರೆ. ಅದೇ ಅದರ ಮೋಸ.

ಕಾಡು ಕಡಿದುಹೋದ ಗುಡ್ಡಗಳಿಗೆ ಅಲ್ಲಿಯದೇ ಗಿಡಬಳ್ಳಿಗಳನ್ನು ಮರಳಿ ನೆಡಲೆಂದು ಸಸಿ ಮಾಡುವ ನರ್ಸರಿಯೊಂದರಲ್ಲಿ ಅವಳು ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದಳು. ಅಲ್ಲಿ ಎಲ್ಲರೂ ಅವಳನ್ನು ಕಣ್ಣಮ್ಮ ಎನ್ನುತ್ತಿದ್ದರು. ಅಗ್ನಿಶಿಖೆಯ ಗೆಡ್ಡೆ ಕವಲೊಡೆದ ಬೆರಳಿನಂತೆ ಇರುತ್ತದೆ, ಒಂದೊಂದು ಕವಲಿನ ತುದಿಗೆ ಒಂದೇ ಒಂದು ಕಣ್ಣು. ಆ ಕಣ್ಣು ಮುರಿದರೆ ಗೆಡ್ಡೆ ಸತ್ತಂತೆಯೇ, ಎಷ್ಟು ಮುದ್ದು ಮಾಡಿದರೂ ಚಿಗುರುವುದಿಲ್ಲ. ಅಗೆಯುವಾಗ ಒಂದೂ ಕಣ್ಣು ಮುರಿಯದಂತೆ ತೆಗೆಯುವ ಕೈ ಅವಳದು. ಹೆಸರು ಬಂದದ್ದು ಹಾಗೆ.

ಅಗ್ನಿಶಿಖೆಯ ಪೊದೆಗಳ ಆಚೆ ಬದಿಯ ಚಪ್ಪರದಲ್ಲಿ ಕಾಡುಗೆಣಸಿನ ಬಳ್ಳಿ. ಅದೂ ಕಾಡಿನದೇ, ಆದರೆ ಸಾಧು. ಅದರ ಗೆಡ್ಡೆ ತಿನ್ನುವಂಥದ್ದು, ಮುರಿದ ತುಂಡೂ ಎಲ್ಲೆಂದರಲ್ಲಿ ಚಿಗುರೊಡೆಯುತ್ತದೆ. ತುಂಡಿನಿಂದ ಬಡಕಲು ಸಸಿ ಬರುತ್ತದೆಂದು ನರ್ಸರಿಯಲ್ಲಿ ಅದನ್ನು ನೆಡುತ್ತಿರಲಿಲ್ಲ. ಕೆಲಸದವರು ವರ್ಷಕ್ಕೊಬ್ಬರಂತೆ ಸರದಿಯಲ್ಲಿ ಮನೆಗೊಯ್ದು ಬೇಯಿಸಿಕೊಳ್ಳುತ್ತಿದ್ದರು. ಬೇರೆಯವರ ಕೈಯಲ್ಲಿ ಕಣ್ಣು ಮುರಿದ ಅಗ್ನಿಶಿಖೆಯ ತುಂಡುಗಳನ್ನು ಮಾತ್ರ ಅಗೆದ ದಿನವೇ ಸುಣ್ಣ ಹಾಕಿ ಗುಂಡಿಯಲ್ಲಿ ಹೂಳಬೇಕು. ಇದು ನರ್ಸರಿಯ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯ ಕಟ್ಟಪ್ಪಣೆ. ಇದರಲ್ಲಿ ಅವರು ಯಾರ ಮಾತನ್ನೂ ಕೇಳುವವರಲ್ಲ.

ಕಣ್ಣಮ್ಮ ಆ ವರ್ಷ ಹೂಳಿರಲಿಲ್ಲ. ಕೈಯಾರೆ ಬೆಳೆಸಿದ್ದನ್ನು ಸುಣ್ಣಕ್ಕೆ ಹಾಕಲು ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಒಂದು ತಿಂಗಳು ಇಟ್ಟು ನೋಡೋಣ, ಯಾರಿಗೆ ಗೊತ್ತು, ಒಂದಕ್ಕಾದರೂ ಹೊಸ ಕಣ್ಣು ಬಂದರೆ? ಹೀಗೆಂದುಕೊಂಡು ಮೇಸ್ತ್ರಿಗೆ ಹೇಳದೆ ತುಂಡುಗಳನ್ನು ಮರಳು ಬೆರೆಸಿ ಒಂದು ಬಟ್ಟೆ ಚೀಲಕ್ಕೆ ಹಾಕಿ ಕೆಂಪು ದಾರದಲ್ಲಿ ಕಟ್ಟಿದಳು. ಗೆಣಸಿನ ತುಂಡುಗಳ ಚೀಲಕ್ಕೆ ಬಿಳಿ ದಾರ. ಮರಳಿನ ಚೀಲದ ಮೇಲೆ ಬರೆದದ್ದು ನಿಲ್ಲುವುದಿಲ್ಲವೆಂದು ನರ್ಸರಿಯಲ್ಲಿ ಎಲ್ಲಕ್ಕೂ ದಾರದ್ದೇ ಗುರುತು. ದಾರ ಕೊಟ್ಟವಳು ಅವಳ ಮನೆಯ ಕೆಳಗಿನ ಅಂಗಡಿಯ ಟೈಲರಮ್ಮ. ಕೊಡುವಾಗಲೇ ಹೇಳಿದ್ದಳು: "ಈ ಕೆಂಪು ಬಣ್ಣ ಬಿಡುತ್ತೆ ಕಣಮ್ಮಾ, ನೀರು ತಾಗಿಸಬೇಡ."

ಉಗ್ರಾಣದ ಮೂಲೆಯಲ್ಲಿ ತೇವ ಹತ್ತಿತು. ಬೂಷ್ಟು ಹಿಡಿಯುವ ಮೊದಲು ಎರಡೂ ಚೀಲಗಳನ್ನು ಒಟ್ಟಿಗೆ ತಂದು ಬಿಸಿಲು ಬೀಳುವ ಕಿಟಕಿಯ ಸರಳಿಗೆ ನೇತುಹಾಕಿದಳು. ಮೂರು ವಾರ ಅಲ್ಲಿಯೇ ತೂಗಿದವು. ಈ ಸಲದ ಸರದಿ ಅವಳದೇ. ಒಂದು ಸಂಜೆ ಬಸ್ಸಿಗೆ ಹೊತ್ತಾಗಿ ಓಡುವಾಗ ಕಿಟಕಿಯತ್ತ ಕೈ ಹಾಕಿದಳು. ಎರಡು ದಾರವೂ ಬಿಸಿಲಿಗೆ ಮಾಸಿದ್ದವು, ಆದರೂ ಒಂದು ಸ್ವಲ್ಪ ಗುಲಾಬಿಯಾಗಿತ್ತು, ಇನ್ನೊಂದು ಬಿಳಿಚಿಕೊಂಡಿತ್ತು. ಬಿಳಿಯದನ್ನು ಕಿತ್ತುಕೊಂಡು ನಡೆದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಓಡುವ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಮಾರನೇ ದಿನ ಮಧ್ಯಾಹ್ನ, ಊಟದ ಡಬ್ಬಿ ತೊಳೆದಿಟ್ಟು, ಇನ್ನು ಈ ಕೆಂಪು ದಾರದ ಚೀಲಕ್ಕೊಂದು ಗತಿ ಕಾಣಿಸೋಣವೆಂದು ಗುಂಡಿಯ ಹತ್ತಿರ ಕೂತು, ದಾರವನ್ನು ಗಂಟಿನ ಸಮೇತ ಜಾರಿಸಿ ಚೀಲ ತೆರೆದಳು. ಮರಳಿನ ಮೇಲೆ ಒಂದು ತುಂಡಿನ ನಡುಬೆನ್ನಿನಿಂದ ಚಿಗುರು ಎದ್ದಿತ್ತು.

ಮೊದಲು ಅವಳಿಗೆ ಆದದ್ದು ಸಂತೋಷ. ಎಂಥ ಸಂತೋಷವೆಂದರೆ, "ಮೇಸ್ತ್ರೀ!" ಎಂದು ಕೂಗಿಯೇಬಿಟ್ಟಳು. ಕಣ್ಣಿಲ್ಲದ ಗೆಡ್ಡೆ ಚಿಗುರಿತ್ತು! ಹನ್ನೊಂದು ವರ್ಷದಿಂದ ಎಲ್ಲರೂ ಆಗದು ಆಗದು ಎಂದದ್ದು ಅವಳ ಕೈಯಲ್ಲಿ ಆಗಿತ್ತು. ಚಿಗುರನ್ನು ಬೆರಳಿನಿಂದ ಮುಟ್ಟಿದಳು. ಅದು ನೇರಳೆ ಬಣ್ಣದ್ದಾಗಿತ್ತು, ತುದಿ ಆಗಲೇ ಸುತ್ತಿಕೊಳ್ಳಲು ಏನನ್ನೋ ಹುಡುಕುತ್ತ ಬಾಗಿತ್ತು. ಅಗ್ನಿಶಿಖೆಯ ಚಿಗುರು ಹಸಿರು, ಈಟಿಯಂತೆ ನೆಟ್ಟಗೆ. ಹೀಗೆ ಬಾಗಿ ಸುತ್ತುವುದು ಗೆಣಸು.

ಅವಳು ದಾರದ ಗಂಟನ್ನು ಉಗುರಿನಿಂದ ಬಿಡಿಸಿದಳು. ಬಿಸಿಲು, ತೇವ ಎರಡೂ ತಾಗದ ಗಂಟಿನ ಒಳಗೆ ದಾರ ಅಚ್ಚ ಬಿಳಿಯಾಗಿತ್ತು. ತೇವ ಹತ್ತಿದಾಗ ಕೆಂಪು ಬಣ್ಣ ಬಿಟ್ಟು ಪಕ್ಕದ ಬಿಳಿಗೆ ಮೆತ್ತಿಕೊಂಡಿತ್ತು, ಆಮೇಲೆ ಕಿಟಕಿಯಲ್ಲಿ ಮುಂದೆ ತೂಗುತ್ತಿದ್ದ ಕೆಂಪನ್ನೆಲ್ಲ ಬಿಸಿಲು ತಿಂದುಹಾಕಿತ್ತು, ಹಿಂದಿದ್ದ ಬಿಳಿಗೆ ಮೆತ್ತಿದ್ದು ಮಾತ್ರ ಉಳಿದಿತ್ತು. ಗುಲಾಬಿಯಾಗಿದ್ದದ್ದು ಬಿಳಿಯದು. ಹಾಗಾದರೆ ನಿನ್ನೆ ಮನೆಗೊಯ್ದದ್ದು?

"ಏನಮ್ಮಾ ಕೂಗಿದ್ದು?" ಎನ್ನುತ್ತ ಮೇಸ್ತ್ರಿ ಬರುವಷ್ಟರಲ್ಲಿ ಅವಳು ಗೇಟು ದಾಟಿ ಓಡುತ್ತಿದ್ದಳು.

ಶಾಲೆಗೆ ರಜೆ. ಎಂಟು ವರ್ಷದ ಮಗಳು ಗುಬ್ಬಿ ಮನೆಯಲ್ಲೇ ಇದ್ದಳು, ಅತ್ತೆಯ ಜೊತೆ. ಗಂಡ ಲಾರಿ ತೆಗೆದುಕೊಂಡು ಹೋಗಿ ಮೂರು ದಿನವಾಗಿತ್ತು. "ಮಧ್ಯಾಹ್ನ ಬೇಯಿಸ್ತೀನಿ ಬಿಡು" ಎಂದು ಬೆಳಿಗ್ಗೆ ಅತ್ತೆಯೇ ಚೀಲ ಎತ್ತಿಟ್ಟುಕೊಂಡಿದ್ದರು. ಬಸ್ಸಿನಲ್ಲಿ ನಿಂತೇ ಫೋನು ಮಾಡಿದಳು. ಅತ್ತೆಯ ಫೋನು ಹೆಸರಿಗೆ ಮಾತ್ರ ಮೊಬೈಲು, ಬೀರುವಿನ ಮೇಲಿಂದ ಅದು ಅಲ್ಲಾಡಿದ್ದೇ ಇಲ್ಲ. ಹದಿನಾಲ್ಕು ಸಲ ರಿಂಗಾಯಿತು, ಯಾರೂ ಎತ್ತಲಿಲ್ಲ. ಟೈಲರಮ್ಮನಿಗೆ ಮಾಡೋಣವೆಂದರೆ ನಂಬರಿಲ್ಲ. ಮೆಟ್ಟಿಲಿಳಿದರೆ ಸಿಗುವವರ ನಂಬರು ಯಾರು ಇಟ್ಟುಕೊಳ್ಳುತ್ತಾರೆ?

ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು. ಒಬ್ಬ ಮುದುಕ ಒಂದು ಕಾಲು ಮೆಟ್ಟಿಲ ಮೇಲಿಟ್ಟು ಡ್ರೈವರನೊಡನೆ ಮಗಳ ಮದುವೆಯ ವಿಚಾರ ಮಾತಾಡಿದ. ಕಣ್ಣಮ್ಮನಿಗೆ ಅವನನ್ನು ತಳ್ಳಿಬಿಡಬೇಕೆನ್ನಿಸಿತು. ಮಗು ಗೆಡ್ಡೆ ಇಷ್ಟಪಡುವುದಿಲ್ಲ, ತಿಂದಿರಲಿಕ್ಕಿಲ್ಲ ಎಂದು ಒಂದು ಸಲ ಅಂದುಕೊಂಡಳು. ಇಲ್ಲ, ಕಳೆದ ಸಲ ತಂದಾಗ "ಅಮ್ಮಾ, ಚೆನ್ನಾಗಿತ್ತು" ಎಂದಿದ್ದಳಲ್ಲ ಎಂದು ನೆನಪಾಯಿತು. ಮತ್ತೆ ಫೋನು ಒತ್ತಿದಳು.

ಮನೆ ಮುಟ್ಟಿದಾಗ ಎರಡೂಕಾಲು. ಕೆಳಗೆ ಟೈಲರಮ್ಮನ ಹೊಲಿಗೆ ಮೆಷಿನ್ನು ಕಟಕಟ ಓಡುತ್ತಿತ್ತು. ಕಣ್ಣಮ್ಮ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದಳು. ಗುಬ್ಬಿ ನೆಲದ ಮೇಲೆ ಬೋರಲು ಮಲಗಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಅತ್ತೆ ಪಾತ್ರೆ ಒರೆಸಿ ಕವುಚಿ ಹಾಕುತ್ತಿದ್ದರು.

"ಗೆಣಸು ಎಲ್ಲತ್ತೆ?"

"ಇದೇನೇ ಇಷ್ಟು ಬೇಗ? ಮುಖ ಯಾಕೆ ಹಂಗಿದೆ?"

"ಗೆಣಸು ತಿಂದ್ರಾ?"

ಅತ್ತೆ ಕೈಯಲ್ಲಿದ್ದ ತಟ್ಟೆಯನ್ನು ಇನ್ನೊಮ್ಮೆ ಒರೆಸಿದರು. "ಹೂಂ, ತಿಂದ್ವಿ. ಚೆನ್ನಾಗಿತ್ತು. ಅಲ್ವೇನೇ ಗುಬ್ಬಿ?"

ಗುಬ್ಬಿ ತಲೆ ಎತ್ತಲಿಲ್ಲ. "ಹೂಂ. ಚೆನ್ನಾಗಿತ್ತು."

"ಎಲ್ಲಾ ತಿಂದ್ರಾ? ಸಿಪ್ಪೆ ಎಲ್ಲಿ?"

"ಕಸದ ಗಾಡಿ ಬಂದಿತ್ತು, ಹಾಕ್ದೆ."

ಅಡುಗೆಮನೆಯ ಮೊಳೆಗೆ ಚೀಲದ ದಾರ ಗಂಟಿನ ಸಮೇತ ನೇತಾಡುತ್ತಿತ್ತು. ಅತ್ತೆ ಒಂದು ಗೇಣು ದಾರವನ್ನೂ ಎಸೆಯುವವರಲ್ಲ. ಕಣ್ಣಮ್ಮ ಅದನ್ನು ಕಿತ್ತುಕೊಂಡು ಗಂಟು ಬಿಡಿಸಿದಳು. ಒಳಗೆ ಕೆಂಪು ಇತ್ತು.

ಆ ಕ್ಷಣದಲ್ಲಿ ಅವಳು ಹೇಳಬೇಕಿತ್ತು. ವಿಷ ಎಂಬ ಎರಡಕ್ಷರ. ನಾಲಿಗೆ ಹೊರಳಲಿಲ್ಲ. ಮಗು ಹೆದರಿಬಿಡುತ್ತದೆ, ಅತ್ತೆಗೆ ಮೊದಲೇ ಎದೆ ಹೊಡೆದುಕೊಳ್ಳುವ ಕಾಯಿಲೆ, ಹೇಳಿದರೆ ಇಲ್ಲೇ ಕುಸಿದರೆ? ಹೀಗೆ ಏನೇನೋ ಲೆಕ್ಕ ಹಾಕಿ, "ಏಳಿ, ಆಸ್ಪತ್ರೆಗೆ ಹೋಗ್ಬೇಕು. ಯಾಕೆ ಅಂತ ಕೇಳ್ಬೇಡಿ, ಆಮೇಲೆ ಹೇಳ್ತೀನಿ" ಎಂದಳು. ಒಳಗೊಳಗೆ ಇನ್ನೊಂದು ಮಾತೂ ಇತ್ತು. ತಂದವಳು ತಾನೇ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ನಂಗೇನಾಗಿದೆ? ಗುಂಡುಕಲ್ಲು ಇದ್ದಂಗಿದೀನಿ" ಎಂದು ಅತ್ತೆ ಗೊಣಗಿದರು. ಆದರೂ ಸೊಸೆಯ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡರು.

ಮೆಟ್ಟಿಲಿಳಿಯುವಾಗ ಟೈಲರಮ್ಮ ಮೆಷಿನ್ನು ನಿಲ್ಲಿಸಿ ಬಾಗಿಲಿಗೆ ಬಂದಳು. ಒಂಟಿ ಹೆಂಗಸು, ಉದ್ದನೆಯ ದಪ್ಪ ಜಡೆ, ಊರಿನ ಅರ್ಧ ಮಕ್ಕಳ ಸಮವಸ್ತ್ರ ಅವಳದೇ ಹೊಲಿಗೆ. "ಏನಕ್ಕಾ, ಸವಾರಿ ಎಲ್ಲಿಗೆ?" ಎಂದು ಅತ್ತೆಯನ್ನು ಕೇಳಿ ಇನ್ನೇನೋ ಹೇಳಲು ಬಾಯಿ ತೆರೆದಳು. ಅತ್ತೆ ಕಣ್ಣಲ್ಲೇ ಬೇಡವೆಂದರು. ಟೈಲರಮ್ಮ ನಕ್ಕು ಒಳಗೆ ಹೋದಳು. ಕಣ್ಣಮ್ಮ ಅದನ್ನು ಕಂಡಳು. ಕಂಡರೂ ಅವಳ ತಲೆಗೆ ಹೋಗಲಿಲ್ಲ, ಅವಳು ಆಟೋಗೆ ಕೈ ತೋರಿಸುತ್ತಿದ್ದಳು.

ಆಟೋದಲ್ಲಿ ಗುಬ್ಬಿಯ ಹಣೆ ಮುಟ್ಟಿ ನೋಡಿದಳು, ತಣ್ಣಗಿತ್ತು. "ಬಾಯಿ ಉರೀತಿದ್ಯಾ ಪುಟ್ಟಾ? ಹೊಟ್ಟೆ ತೊಳಸ್ತಿದ್ಯಾ?" ಎಂದರೆ ಮಗು ಇಲ್ಲವೆಂದು ತಲೆಯಾಡಿಸಿತು. ಇಲ್ಲವೆಂದಷ್ಟೂ ಅವಳ ಭಯ ಹೆಚ್ಚುತ್ತಿತ್ತು. ಒಂದು ಗಂಟೆಗೆ ತಿಂದಿದ್ದರೆ ನಾಲ್ಕೋ ಐದೋ ಗಂಟೆಯವರೆಗೆ ಅದು ಸದ್ದಿಲ್ಲದೆ ಒಳಗೆ ಕೂತಿರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮಗುವಿನ ಬೆರಳುಗಳಲ್ಲಿ ಬಣ್ಣದ ಪೆನ್ಸಿಲಿನ ಹಸಿರು ಹತ್ತಿತ್ತು. ದೇವರೇ, ನನ್ನ ಕೈ ಕತ್ತರಿಸಿಹಾಕು, ಇವಳನ್ನು ಬಿಡು ಎಂದು ಅವಳು ಮನಸ್ಸಿನಲ್ಲೇ ಗೋಗರೆದಳು.

ಆಸ್ಪತ್ರೆಯ ತುರ್ತು ಕೋಣೆಯಲ್ಲಿ ಗಾಲಿ ಮಂಚ ನಾಲ್ಕು, ಗಡಿಯಾರ ಒಂದು. ಚೀಟಿ ಮಾಡಿಸುವುದು, ಬೆಂಚಿನ ಮೇಲೆ ಕಾಯುವುದು, ಇದರಲ್ಲೇ ಮೂರೂವರೆಯಾಯಿತು. ಕೊನೆಗೆ ಡ್ಯೂಟಿ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಂಗಸು, ನಿದ್ದೆಗೆಟ್ಟ ಕಣ್ಣು. ಕಣ್ಣಮ್ಮ ಅವರನ್ನು ಮೂಲೆಗೆ ಕರೆದು ಪಿಸುಮಾತಿನಲ್ಲಿ ಎಲ್ಲ ಹೇಳಿದಳು. ಡಾಕ್ಟರಿಗೆ ಪಿಸುಗುಟ್ಟುವ ಅಭ್ಯಾಸ ಇರಲಿಲ್ಲ.

"ಅಜ್ಜೀ, ವಿಷದ ಗೆಡ್ಡೆ ತಿಂದಿದ್ದು ಎಷ್ಟು ಹೊತ್ತಿಗೆ?"

ಅತ್ತೆ ಸೊಸೆಯ ಮುಖ ನೋಡಿದರು. "ವಿಷ?"

"ನಿಮ್ಮ ಸೊಸೆ ತಂದಿದ್ದು ಗೆಣಸಲ್ಲ, ಬದಲಾಗಿಬಿಟ್ಟಿದೆ. ಎಷ್ಟು ತುಂಡು ತಿಂದ್ರಿ? ಮಗು ಎಷ್ಟು ತಿಂತು?"

ಅತ್ತೆ ಹಿಂದಿದ್ದ ಬೆಂಚನ್ನು ತಡಕಿದರು. ನರ್ಸು ನಳಿಗೆ, ಬೋಗುಣಿ, ವಿಷ ಹೀರುವ ಇದ್ದಿಲ ಪುಡಿ ಕಲಸಿದ ಲೋಟ ತಂದಿಟ್ಟಳು. "ಮೊದಲು ಮಗು" ಎಂದರು ಡಾಕ್ಟರು. ಗುಬ್ಬಿ ನಳಿಗೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

"ಅಜ್ಜೀ, ಹೇಳ್ಬಿಡ್ಲಾ?"

"ಏನು ಹೇಳೋದು?" ಕಣ್ಣಮ್ಮ ಮಗಳ ತೋಳು ಹಿಡಿದಳು. "ಏನೇ ಹೇಳೋದು?"

"ನಾವು ತಿನ್ಲಿಲ್ಲಮ್ಮ" ಎಂದರು ಅತ್ತೆ. ಬೆಂಚಿನ ಮೇಲೆ ಕುಸಿದು ಕೂತಿದ್ದರು. "ಯಾವತ್ತೂ ತಿಂದಿಲ್ಲ. ಕಾಡು ಗೆಡ್ಡೆ ಅಂದ್ರೆ ನಂಗೆ ಗಂಟಲು ಕೆರೆಯುತ್ತೆ. ನೀನು ಪ್ರೀತಿಯಿಂದ ತರ್ತೀಯ, ಬೇಡ ಅಂದ್ರೆ ನೊಂದ್ಕೋತೀಯ ಅಂತ, ತಿಂದ್ವಿ ಅಂತಿದ್ದೆ. ಮಗೂಗೂ ಹಂಗೇ ಹೇಳ್ಕೊಟ್ಟಿದ್ದೆ."

ಕಣ್ಣಮ್ಮನಿಗೆ ಮೊದಲು ಬಂದದ್ದು ನಗು. ನಾಚಿಕೆಗೆಟ್ಟ, ಹುಚ್ಚು ನಗು. ಮಗಳನ್ನು ಬಾಚಿ ತಬ್ಬಿಕೊಂಡಳು. ತಿಂದಿಲ್ಲ. ಇವಳು ತಿಂದಿಲ್ಲ. ಲೋಕದಲ್ಲಿ ಬೇರೆ ಯಾರು ಸತ್ತರೂ ಅವಳಿಗೆ ಆ ಗಳಿಗೆಯಲ್ಲಿ ಬೇಕಿರಲಿಲ್ಲ. ಆಮೇಲೆ ಅವಳ ಕಿವಿಯಲ್ಲಿ ಮೆಷಿನ್ನಿನ ಕಟಕಟ ಕೇಳಿಸಿತು.

"ಮತ್ತೆ ಅದನ್ನ ಏನು ಮಾಡಿದ್ರಿ ಅತ್ತೆ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಪ್ರತಿ ಸಲದ ಹಂಗೆ. ಕೆಳಗೆ ಕೊಟ್ಟೆ. ಅವಳಿಗೆ ತುಂಬಾ ಇಷ್ಟ."

ಮಗುವನ್ನೂ ಅತ್ತೆಯನ್ನೂ ಅಲ್ಲೇ ಬಿಟ್ಟು ಕಣ್ಣಮ್ಮ ಮತ್ತೆ ಆಟೋ ಹತ್ತಿದಳು. ಒಂದೂವರೆ ಗಂಟೆಯ ಹಿಂದೆ ಅವಳು ಅದೇ ಬಾಗಿಲಿನ ಮುಂದೆ ಹಾದುಹೋಗಿದ್ದಳು. ಆಗಲೇ ವಿಷ ಎಂದು ಬಾಯಿ ಬಿಟ್ಟಿದ್ದರೆ ಅತ್ತೆ ಆಗಲೇ ಹೇಳುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಬಾಯಿ ಮುಚ್ಚಿಕೊಂಡು, ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವಳ ಕುತ್ತಿಗೆಗೆ ತಂದಿದ್ದರು. ಇಂಥ ಒಳ್ಳೆಯತನಕ್ಕೆ ಬೆಂಕಿ ಬೀಳಲಿ.

ನಾಲ್ಕು ಗಂಟೆ ದಾಟಿತ್ತು. ಬೀದಿಗೆ ತಿರುಗಿದಾಗ ಮೆಷಿನ್ನಿನ ಸದ್ದು ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಟೈಲರಮ್ಮ ಗೋಡೆಗೊರಗಿ ಕೂತಿದ್ದಳು, ತೊಡೆಯ ಮೇಲೆ ಅರ್ಧ ಹೊಲಿದ ಅಂಗಿ, ಪಕ್ಕದಲ್ಲಿ ನೀರಿನ ಚೊಂಬು.

"ಬಂದ್ಯಾ?" ಎಂದಳು. "ಗಂಟಲು ಯಾಕೋ ಉರೀತಿದೆ ಕಣಮ್ಮಾ, ಎಷ್ಟು ನೀರು ಕುಡಿದ್ರೂ ಹೋಗ್ತಿಲ್ಲ. ಈ ಸಲದ ಗೆಣಸು ಸ್ವಲ್ಪ ಕಹಿ ಇತ್ತು. ಅಕ್ಕನಿಗೆ ಹೇಳೋಣ ಅಂತಿದ್ದೆ, ಅವರು ಕಣ್ಣು ಬಿಟ್ರು."

"ಎಷ್ಟು ತಿಂದ್ರಿ?"

"ಐದಾರು. ರಾತ್ರಿಗೆ ಎರಡು ಇಟ್ಟಿದೀನಿ. ನಿಂಗೆ ಬೇಕಾ?"

ಈ ಸಲ ಕಣ್ಣಮ್ಮ ತಡಮಾಡಲಿಲ್ಲ. "ಅದು ವಿಷ, ಟೈಲರಮ್ಮಾ. ನಾನೇ ತಂದದ್ದು. ಏಳಿ." ಟೈಲರಮ್ಮನಿಗೆ ಅದು ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಅವಳು ಕಣ್ಣಾರೆ ಕಂಡಳು. ಮೊದಲು ನಗು ಹಾಗೇ ನಿಂತಿತು, ಆಮೇಲೆ ಕಣ್ಣು ಮಾತ್ರ ದೊಡ್ಡದಾಗುತ್ತ ಹೋಯಿತು. ಎದ್ದು ನಿಂತವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ವಾಂತಿ ಮಾಡಿಕೊಂಡಳು.

ಟೈಲರಮ್ಮ ಸಾಯಲಿಲ್ಲ. ಸಾಯುವುದಕ್ಕೆ ಎಷ್ಟು ಬೇಕೋ ಅಷ್ಟನ್ನೂ ಅನುಭವಿಸಿದಳು. ಮೂರು ದಿನ ಅವಳ ಹೊಟ್ಟೆಯಲ್ಲಿ ಒಂದು ಗುಟುಕು ನೀರು ನಿಲ್ಲಲಿಲ್ಲ. ನಾಲ್ಕನೆಯ ದಿನ ಡಾಕ್ಟರು, "ಇನ್ನು ಪರವಾಗಿಲ್ಲ ಅನ್ಸುತ್ತೆ" ಎಂದರು, ಆ "ಅನ್ಸುತ್ತೆ"ಯನ್ನು ಹಿಡಿದುಕೊಂಡು ಅತ್ತೆ ಇನ್ನೂ ಒಂದು ವಾರ ಅವಳ ಮಂಚದ ಪಕ್ಕದಿಂದ ಏಳಲಿಲ್ಲ. ಹದಿನೈದನೆಯ ದಿನ ಅವಳ ಕೂದಲು ಉದುರಲು ಶುರುವಾಯಿತು. ಬಾಚಣಿಗೆ ಇಟ್ಟಲ್ಲೆಲ್ಲ ಹಿಡಿಹಿಡಿಯಾಗಿ ಬಂತು. ಆ ದಪ್ಪ ಜಡೆ ಇದ್ದ ತಲೆಗೆ ಅವಳೇ ಒಂದು ಬಟ್ಟೆಯ ಟೋಪಿ ಹೊಲಿದುಕೊಂಡಳು.

"ಆ ದಾರ ಕೊಟ್ಟವಳು ನಾನೇ ಅಲ್ವಾ" ಎಂದಳು ಕಣ್ಣಮ್ಮನಿಗೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಮೇಲಿನ ಮನೆಯಿಂದ ಏನು ಕೊಟ್ಟು ಕಳಿಸಿದರೂ ನಗುತ್ತ ತೆಗೆದುಕೊಳ್ಳುತ್ತಿದ್ದಳು, ಚೆನ್ನಾಗಿತ್ತು ಎನ್ನುತ್ತಿದ್ದಳು. ಅದು ಹಾಗೇ ಕಸದ ಗಾಡಿಗೆ ಬೀಳುವುದನ್ನು ಕಣ್ಣಮ್ಮ ಮೇಲಿನ ಕಿಟಕಿಯಿಂದ ನೋಡಿ ಸುಮ್ಮನಾಗುತ್ತಿದ್ದಳು.

ಮೇಸ್ತ್ರಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಅಗ್ನಿಶಿಖೆಯಿಂದ ಮಾತ್ರ ತೆಗೆದರು. ಮಳೆ ಬಿದ್ದ ಮೇಲೆ ಪೊದೆಗಳ ಬುಡದಿಂದ ಹಸಿರು ಈಟಿಗಳು ಎದ್ದವು, ಎಲೆಯ ತುದಿಗಳು ಒಂದೊಂದಾಗಿ ಕಡ್ಡಿ ಹಿಡಿದು ಬಿಸಿಲಿಗೆ ಏರಿದವು, ಹೂ ಬಿಟ್ಟವು. ಕಣ್ಣಮ್ಮ ಆ ಕಡೆಗೆ ಬೆನ್ನು ಹಾಕಿ ಕೂತು ಗೆಣಸಿನ ಕಳೆ ಕೀಳುತ್ತಿದ್ದಳು.

ಮುಂದಿನ ವರ್ಷ ಗೆಣಸು ಅಗೆದ ವಾರ ಅತ್ತೆ ಕೇಳಿದರು: "ಈ ಸಲ ಏನೂ ತರಲಿಲ್ವಾ?"

"ಸರದಿ ಬೇರೆಯವರದು. ನಂದೇ ಆಗಿದ್ರೂ ತರ್ತಿರ್ಲಿಲ್ಲ ಅತ್ತೆ."

"ಕೇಳಿ ಇಸ್ಕೊಂಡು ಬಾ. ಇಲ್ದಿದ್ರೆ ಇದು ನಿನ್ನ ಬಿಡಲ್ಲ. ನಾನು ನೋಡ್ತಿದೀನಿ, ಅಂಗಡಿ ತರಕಾರೀನೂ ನಾಲ್ಕು ಸಲ ಮೂಸಿ ನೋಡ್ತೀಯ."

ಮೇಸ್ತ್ರಿ ಒಂದೊಂದೇ ತುಂಡನ್ನು ಸೀಳಿ ನೋಡಿ ಚೀಲಕ್ಕೆ ಹಾಕಿಕೊಟ್ಟರು. ಬಸ್ ನಿಲ್ದಾಣದ ಕಸದ ತೊಟ್ಟಿಯ ಪಕ್ಕ ಕಣ್ಣಮ್ಮ ಎರಡು ಬಸ್ಸು ಬಿಟ್ಟು ನಿಂತಿದ್ದಳು. ಕೊನೆಗೆ ಚೀಲ ಮನೆಗೆ ಬಂತು. ಮಾರನೇ ದಿನ ಅವಳಿಗೆ ರಜೆ. ಅತ್ತೆ ಗೆಡ್ಡೆ ಬೇಯಿಸಿ, ಉಪ್ಪು ಹಾಕಿ, ಒಂದೇ ತಟ್ಟೆಗೆ ಬಡಿಸಿಕೊಂಡರು. ಗುಬ್ಬಿ ಕೈ ಚಾಚಿದಾಗ ಹಿಂದಕ್ಕೆ ತಳ್ಳಿದರು.

"ನಿಂಗೆ ನಾಳೆ. ಇವತ್ತು ನಾನು."

"ಅತ್ತೆ, ಬೇಡಿ" ಎಂದಳು ಕಣ್ಣಮ್ಮ. ಗೆಣಸೇ ಎಂದು ಅವಳಿಗೆ ಗೊತ್ತಿತ್ತು, ಮೇಸ್ತ್ರಿ ನೋಡಿದ್ದರು, ಅವಳೂ ನೋಡಿದ್ದಳು. ಆದರೂ ಜೀವ ಬಾಯಿಗೆ ಬಂದಿತ್ತು.

ಅತ್ತೆ ಒಂದು ತುಂಡು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು, ನುಂಗಿದರು. ಇನ್ನೊಂದು ತಿಂದರು. ಮುಖ ಕಿವುಚಿಕೊಂಡಿತು.

"ಚೆನ್ನಾಗಿಲ್ಲ ಕಣೇ" ಎಂದರು. "ನಂಗೆ ಒಂಚೂರೂ ಇಷ್ಟ ಆಗ್ಲಿಲ್ಲ."

ಇಷ್ಟು ವರ್ಷದಲ್ಲಿ ಅವಳು ತಂದದ್ದರ ಬಗ್ಗೆ ಅತ್ತೆ ತಾವಾಗಿಯೇ ಹೇಳಿದ ಮೊದಲ ನಿಜ ಅದು. ಕಣ್ಣಮ್ಮನಿಗೆ ಅಳು ಬಂತು, ಅಳಲು ಧೈರ್ಯವಾಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಒಂದೂಕಾಲು ಆಗಿತ್ತು. ಕೆಳಗೆ ಮೆಷಿನ್ನು ಓಡುತ್ತಿತ್ತು. ಅವಳು ಅತ್ತೆಯ ಎದುರು ನೆಲದ ಮೇಲೆ ಕೂತಳು, ಸಂಜೆ ಏಳು ದಾಟುವವರೆಗೂ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ.